ಶನಿವಾರದ ಗರ್ನ್ಸಿ ಪ್ರಯಾಣ: ಹೊರಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಬೆಳಿಗ್ಗೆ 6ಕ್ಕೆ ಡೆನ್ವರ್‌ನಿಂದ ವಯೋಮಿಂಗ್‌ನ ಗರ್ನ್ಸಿಗೆ ಹೊರಡುತ್ತೇವೆ. ಸುಮಾರು 3 ತಾಸಿನ ದಾರಿ.

1840ರ ದಶಕದಿಂದ ಹೊಸ ಬದುಕು ಹುಡುಕಿ ಆರೆಗಾನ್ ದಾರಿಯಲ್ಲಿ ಪಶ್ಚಿಮಕ್ಕೆ ಹೋದವರ ಗಾಡಿಚಕ್ರಗಳು ಅಲ್ಲಿ ಮರಳುಗಲ್ಲನ್ನೇ ಕೊರೆದಿವೆ. ಕೆಲವು ಕಡೆ ಚಡಿ 5 ಅಡಿ ಆಳ! ಸಣ್ಣ ಮಕ್ಕಳು ಒಳಗೆ ನಿಂತರೆ ತಲೆಯೂ ಕಾಣದು. ಗಾಡಿ ತುಂಬ ಸಾಮಾನು, ಹಾಗಾಗಿ ಹೆಚ್ಚಿನವರು ಪಕ್ಕದಲ್ಲಿ ನಡೆದೇ ಹೋದದ್ದು. ಕಾಲರಾ ಬಂದು ದಾರಿಯಲ್ಲೇ ತೀರಿಕೊಂಡವರೂ ಬಹಳ.

ಹತ್ತಿರದ ರಿಜಿಸ್ಟರ್ ಕ್ಲಿಫ್ ಬಂಡೆಯಲ್ಲಿ ಅವರು ಕೆತ್ತಿದ ಹೆಸರುಗಳಿವೆ. ಅಲ್ಲಿ ಯಾರೂ ಗೀಚಬಾರದು, ಮಕ್ಕಳಿಗೆ ಮನೆಯಲ್ಲೇ ಹೇಳಿ ಕರೆತನ್ನಿ.

ನೆರಳು ಕಡಿಮೆ, ನೀರು, ಟೋಪಿ, ಬುತ್ತಿ ಇರಲಿ. ಎಷ್ಟು ಜನ ಬರುತ್ತೀರಿ, ಕಾರಿನಲ್ಲಿ ಎಷ್ಟು ಸೀಟು ಖಾಲಿ ಇದೆ, ಗುರುವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ.