ಸೆಸ್ ಶಿಕ್ಷಣದ್ದು, ಟೀಚರಿಗೆ ದಿನಕ್ಕೆ 417 ರೂಪಾಯಿ

ಮಾನ್ಯ ಸಂಪಾದಕರೇ,

12 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲ ಎಂದು 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ ದಿನ ಬೆಂಗಳೂರಿನಿಂದ ಮಗ ಫೋನ್ ಮಾಡಿ ಕುಣಿದಾಡಿದ. ನಾನು ಶಿರಸಿ ಕಡೆಯ ಅಡಿಕೆ ಬೆಳೆಗಾರ. ಕೃಷಿ ಆದಾಯಕ್ಕೆ ಆ ತೆರಿಗೆ ಮೊದಲೂ ಇರಲಿಲ್ಲ. ನಮ್ಮ ತೋಟಕ್ಕೆ ಮದ್ದು ಹೊಡೆಯಲು, ಅಡಿಕೆ ಕೊನೆ (ಗೊನೆ) ಇಳಿಸಲು ಬರುವ ಕೊನೆಗೌಡನಿಗೂ ಅದರಿಂದ ಏನೂ ಸಿಗಲಿಲ್ಲ. ಆದರೆ ಮೊಬೈಲ್ ರೀಚಾರ್ಜ್ ಮಾಡಿಸಿದರೆ ಜಿಎಸ್‌ಟಿ ನನಗೂ 18%, ಅವನಿಗೂ 18%. ತೋಟ ಇದ್ದವನು, ಮರ ಹತ್ತುವವನು ಎಂಬ ಭೇದ ಅಲ್ಲಿಲ್ಲ.

2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್ಕು, ಪೆನ್ಸಿಲ್ಲಿನ ಜಿಎಸ್‌ಟಿ ತೆಗೆದರು. ಒಳ್ಳೆಯದೇ. ಆದರೆ ಕಲಿಸುವವರು?

ಆ ಕೊನೆಗೌಡನ ಮಗಳು ಬಿ.ಇಡಿ ಓದಿ ಸರ್ಕಾರಿ ಹೈಸ್ಕೂಲಿನಲ್ಲಿ ಅತಿಥಿ ಶಿಕ್ಷಕಿ. 2025ರ ರಾಜ್ಯ ಬಜೆಟ್ಟಿನಲ್ಲಿ 2,000 ಏರಿಸಿದ ಮೇಲೆ ಅವಳ ಗೌರವಧನ ತಿಂಗಳಿಗೆ 12,500. ದಿನಕ್ಕೆ ಸುಮಾರು 417 ರೂಪಾಯಿ ಬಿತ್ತು. ಹಂಗಾಮಿನಲ್ಲಿ ಅಪ್ಪ ಅದಕ್ಕಿಂತ ಜಾಸ್ತಿ ದುಡಿಯುತ್ತಾನೆ. ಮರ ಹತ್ತುವವರು ಕಡಿಮೆಯಾಗಿದ್ದಾರೆ, ಕೂಲಿ ಏರಿದೆ, ಅದು ಸರಿಯೇ. ಆದರೆ ಮಗಳು ಮರ ಹತ್ತಬಾರದು ಅಂತಲೇ ಅಲ್ವಾ ಅವನು ಸಾಲ ಮಾಡಿ ಓದಿಸಿದ್ದು?

ದುಡ್ಡಿದ್ದ ನಮ್ಮಂಥವರು ಮಕ್ಕಳನ್ನು ಪಿಯುಸಿಗೆ ಮೂಡುಬಿದಿರೆಗೋ ಹುಬ್ಬಳ್ಳಿಗೋ ಕಳಿಸುತ್ತೇವೆ. ಅವರು ಬೆಂಗಳೂರಿನ ಸಂಬಳಕ್ಕೆ ತಲುಪುತ್ತಾರೆ. ಆಮೇಲೆ ತೆರಿಗೆ ರಿಯಾಯಿತಿಯೂ ಅವರನ್ನೇ ಹುಡುಕಿಕೊಂಡು ಹೋಗುತ್ತದೆ. ಸಂಬಳದ ಅಂತರ ಶುರುವಾಗುವುದೇ ಶಾಲೆಯಲ್ಲಿ, ತೆರಿಗೆ ಅದನ್ನು ಇನ್ನಷ್ಟು ಅಗಲ ಮಾಡುತ್ತದೆ.

ಆದಾಯ ತೆರಿಗೆಯ ಮೇಲೆ ಶಿಕ್ಷಣದ ಸೆಸ್, ಅಂದರೆ ಹೆಚ್ಚುವರಿ ತೆರಿಗೆ, 2004ರಲ್ಲಿ 2% ಅಂತ ಶುರುವಾಯಿತು. 2018ರಿಂದ ಆರೋಗ್ಯವೂ ಸೇರಿ 4%. ಆದಾಯ ತೆರಿಗೆಯಲ್ಲಿ ರಾಜ್ಯಗಳಿಗೆ ಪಾಲಿದೆ, ಸೆಸ್ಸಿನಲ್ಲಿ ಇಲ್ಲ. ಟೀಚರಿಗೆ ಸಂಬಳ ಕೊಡಬೇಕಾದ್ದು ಮಾತ್ರ ರಾಜ್ಯ! ಆ ಸೆಸ್ಸಿನಲ್ಲಿ ಪಾಲು ಕೊಡಿ, ಅದು ನೇರ ಶಿಕ್ಷಕರ ನೇಮಕಕ್ಕೇ ಹೋಗಲಿ ಎಂದು ನಮ್ಮ ಸಂಸದರು, ಶಾಸಕರು ಯಾಕೆ ಕೇಳಬಾರದು? ಇನ್ನೊಂದು ಮಾತು. ಕೃಷಿ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ರಾಜ್ಯಕ್ಕಿದೆ. ದೊಡ್ಡ ತೋಟದವರ ಹತ್ತಿರ ಸ್ವಲ್ಪ ತೆಗೆದುಕೊಂಡರೆ ತಪ್ಪೇನಿಲ್ಲ. ಹೀಗೆ ಬರೆದದ್ದಕ್ಕೆ ಊರಲ್ಲಿ ಬೈಸಿಕೊಳ್ಳುವುದು ಗ್ಯಾರಂಟಿ, ಇರಲಿ.

ಬೇಸಿಗೆ ರಜೆಗೆ ಅತಿಥಿ ಶಿಕ್ಷಕರಿಗೆ ಗೌರವಧನವೂ ಇಲ್ಲ. ಏಪ್ರಿಲ್, ಮೇ ಎರಡು ತಿಂಗಳಿಗೆ ಆ ಹುಡುಗಿ ಕುಮಟಾದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಕೇಳಿಟ್ಟಿದ್ದಾಳಂತೆ.

– ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲೂಕು