ಮಕ್ಕಳ ಹಲ್ಲಿಗೆ ಲೇಸರ್: ಯಾವ ಲೇಸರ್ ಎಂದು ಕೇಳಿ

ಮಾನ್ಯ ಸಂಪಾದಕರೇ,

ಮಕ್ಕಳ ಹುಳುಕು ಹಲ್ಲಿಗೆ ‘ನೋವಿಲ್ಲದ ಲೇಸರ್ ರೂಟ್ ಕೆನಾಲ್’ ಎಂಬ ಬೋರ್ಡುಗಳು ಈಗ ಸಣ್ಣ ಊರುಗಳಲ್ಲೂ ಕಾಣುತ್ತಿವೆ. ಲೇಸರ್ ಉಪಯುಕ್ತ ಸಾಧನವೇ. ಆದರೆ ಹಲ್ಲು ಕೊರೆಯುವುದೂ ತಪ್ಪುವುದಿಲ್ಲ, ಮರಗಟ್ಟಿಸುವ ಇಂಜೆಕ್ಷನ್ನೂ ತಪ್ಪುವುದಿಲ್ಲ. ಇಲ್ಲಿ ಲೇಸರಿನ ಮುಖ್ಯ ಕೆಲಸ: ಬೇರಿನೊಳಗಿನ ನಾಳ ತೊಳೆಯುವ ದ್ರಾವಣವನ್ನು (ಸೂಕ್ಷ್ಮಾಣು ಕೊಲ್ಲುವ ಹೈಪೋಕ್ಲೋರೈಟ್) ರಭಸದಿಂದ ಕಲಕುವುದು.

ಮಕ್ಕಳ ಹಾಲಿನ ದವಡೆಹಲ್ಲಿನ ನಾಳಗಳು ದುಂಡಗಿರುವುದಿಲ್ಲ. ಪಟ್ಟಿಯಂತೆ ಚಪ್ಪಟೆಯಾಗಿ, ಅಲ್ಲಲ್ಲಿ ಕವಲೊಡೆದು, ಮತ್ತೆ ಕೂಡಿಕೊಂಡಿರುತ್ತವೆ. ನಾಳ ಕೆರೆಯುವ ಸೂಜಿಯಂಥ ಅರವಾದ ಫೈಲನ್ನು ಎಷ್ಟೇ ಆಡಿಸಿದರೂ ಮೂಲೆಗಳಲ್ಲಿ ಕೊಳೆ ಉಳಿಯುತ್ತದೆ. ಸಿರಿಂಜಿನಿಂದ ಬಿಟ್ಟ ದ್ರಾವಣವೂ ಸೂಜಿಯ ತುದಿಯಿಂದ ಬಹಳ ದೂರ ಹೋಗದು. ಒತ್ತಿ ತಳ್ಳಿದರೆ ಬೇರಿನಾಚೆಗೆ ಹೋಗುತ್ತದೆ.

ಎರ್ಬಿಯಂ ಯಾಗ್ ಲೇಸರಿನ 2,940 ನ್ಯಾನೋಮೀಟರ್ ಬೆಳಕನ್ನು ನೀರು ತಕ್ಷಣ ಹೀರುತ್ತದೆ. ಬೆಳಕಿನ ಪ್ರತಿ ಮಿಡಿತಕ್ಕೂ (ಪಲ್ಸ್) ಆವಿಯ ಗುಳ್ಳೆ ಎದ್ದು ಒಡೆಯುತ್ತದೆ, ಆ ಹೊಡೆತಕ್ಕೆ ದ್ರಾವಣ ಸಂದುಗೊಂದಲಿಗೆ ನುಗ್ಗುತ್ತದೆ. ‘ಪಿಪ್ಸ್’ ಎಂಬ ವಿಧಾನದಲ್ಲಿ ಪಲ್ಸಿಗೆ 20 ಮಿಲಿಜೌಲ್, ಸೆಕೆಂಡಿಗೆ 15 ಪಲ್ಸ್, ಅಂದರೆ 0.3 ವ್ಯಾಟ್ ಸಾಕು. ಲೇಸರಿನ ತುದಿಯನ್ನು ನಾಳಕ್ಕೆ ಇಳಿಸುವುದೇ ಇಲ್ಲ, ನಾಳಗಳ ಮೇಲೆ ಹಲ್ಲಿನೊಳಗಿರುವ ಕೋಣೆಯಲ್ಲಿ ಹಿಡಿದರಾಯಿತು. ಆ ಕೋಣೆ ಮಾತ್ರ ದ್ರಾವಣದಿಂದ ತುಂಬಿರಲೇಬೇಕು. ಎಡವಟ್ಟಾಗುವುದು ಇಲ್ಲೇ. ಮಕ್ಕಳ ದವಡೆಹಲ್ಲು ಹೆಚ್ಚಾಗಿ ಪಕ್ಕದ ಹಲ್ಲಿಗೆ ತಾಗುವ ಕಡೆ ಹುಳುಕಾಗಿ ಗೋಡೆಯೇ ಹೋಗಿರುತ್ತದೆ. ಗ್ಲಾಸ್ ಅಯೋನೊಮರ್ ಎಂಬ ಹಲ್ಲಿನ ಸಿಮೆಂಟಿನಿಂದ ಮೊದಲು ಆ ಗೋಡೆ ಕಟ್ಟಿ, ಹಲ್ಲನ್ನು ಬಾಯಿಯಿಂದ ಬೇರ್ಪಡಿಸುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಬೇಕು. ಇಲ್ಲದಿದ್ದರೆ ದ್ರಾವಣ ಸೋರಿ ಬಾಯಿಗೆ ಹೋಗುತ್ತದೆ, ಲೇಸರ್ ಬರಿದಾದ ಹಲ್ಲಿಗೆ ಬೀಳುತ್ತದೆ.

ಅನೇಕ ಕ್ಲಿನಿಕ್‌ಗಳಲ್ಲಿರುವುದು ಅಗ್ಗದ ಡಯೋಡ್ ಲೇಸರ್, 810ರಿಂದ 980 ನ್ಯಾನೋಮೀಟರಿನದು. ನೀರು ಇದನ್ನು ಅಷ್ಟಾಗಿ ಹೀರದ ಕಾರಣ ಆ ಗುಳ್ಳೆಯ ಹೊಡೆತ ಸಿಗುವುದಿಲ್ಲ. ಸೂಕ್ಷ್ಮಾಣು ಕೊಲ್ಲಲು ಇದರ ತಂತುವನ್ನು ನಾಳದೊಳಗೇ ಇಳಿಸಿ, ಸುತ್ತುತ್ತಾ ಮೇಲಕ್ಕೆಳೆಯುತ್ತಾರೆ. ಒಂದೇ ಕಡೆ ನಿಲ್ಲಿಸಿದರೆ ಬಿಸಿಯೇರುತ್ತದೆ. ಬೇರಿನ ಹೊರಮೈಯ ಬಿಸಿ ಮೊದಲಿದ್ದುದಕ್ಕಿಂತ 10 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಿದರೆ ಸುತ್ತಲಿನ ಮೂಳೆಗೆ ಅಪಾಯ. ಹಾಲುಹಲ್ಲಿನ ಬೇರಿನ ಗೋಡೆಯೋ ತೀರಾ ತೆಳು. ಎರಡಕ್ಕೂ ‘ಲೇಸರ್’ ಎಂಬ ಒಂದೇ ಬೋರ್ಡು, ಒಂದೇ ದರ ಎಂಬುದು ನನ್ನ ತಕರಾರು.

ಇನ್ನೊಂದು ಮಾತು. ಹಾಲುಹಲ್ಲಿನ ಬೇರಿನಡಿ ಶಾಶ್ವತ ಹಲ್ಲಿನ ಮೊಳಕೆ ಇರುತ್ತದೆ, ಬೇರು ತಾನಾಗಿ ಕರಗುತ್ತಿರುತ್ತದೆ. ಬೇರಿನ ತುದಿ ಹೀಗೆ ಕರಗಿ ಅಗಲವಾಗಿದ್ದರೆ ಲೇಸರಿನ ಅದೇ ರಭಸ ಹೈಪೋಕ್ಲೋರೈಟನ್ನು ಆಚೆಗೂ ದೂಡಬಲ್ಲದು. ಆದ್ದರಿಂದ ಎಕ್ಸ್-ರೇ ನೋಡದೆ ಶುರು ಮಾಡಬಾರದು. ಫೈಲಿನ ಅಳತೆಯನ್ನು ಬೇರಿನ ತುದಿಗಿಂತ 1–2 ಮಿ.ಮೀ. ಕಡಿಮೆ ಇಟ್ಟುಕೊಳ್ಳಬೇಕು, ದ್ರಾವಣ ಶೇ 1ರಿಂದ 2.5ರಷ್ಟಿದ್ದರೆ ಸಾಕು. ಬೇರು ಬಹುಪಾಲು ಕರಗಿದ್ದರೆ ಹಲ್ಲು ಕಿತ್ತು, ಅಗತ್ಯವಿದ್ದರೆ ಜಾಗ ಕಾಯುವ ಸಾಧನ ಕೂರಿಸುವುದೇ ಲೇಸು. ದ್ರಾವಣ ಬೇರಿನಾಚೆ ಚೆಲ್ಲಿದಾಗ ದೊಡ್ಡವರು ನೋವಿಗೆ ಕಿರುಚುತ್ತಾರೆ. ಮರಗಟ್ಟಿದ ಮಗುವಿಗೆ ಅದು ತಿಳಿಯದೇ ಹೋಗಬಹುದು. ನಾಳದಿಂದ ರಕ್ತ ಒಸರುವುದು, ಕೆನ್ನೆ ಊದುವುದೇ ಮೊದಲ ಸೂಚನೆ. ಕೂಡಲೇ ನಿಲ್ಲಿಸಿ ಸಲೈನಿನಿಂದ ಮೆಲ್ಲಗೆ ತೊಳೆಯಬೇಕು, ಹೊರಗಿನಿಂದ ತಣ್ಣನೆ ಪಟ್ಟಿ ಇಡಬೇಕು.

ತೊಳೆದ ಮೇಲೆ ತುಂಬುವುದು ಬೇರಿನೊಡನೆ ಕರಗುವ ಪೇಸ್ಟ್ ಆಗಿರಬೇಕು, ದೊಡ್ಡವರಿಗೆ ಹಾಕುವ, ಕರಗದ ರಬ್ಬರಿನಂಥ ಗಟ್ಟಾಪರ್ಚಾ ಅಲ್ಲ. ಮೇಲೆ ಸ್ಟೀಲ್ ಕ್ಯಾಪ್ ಕೂರಿಸುವುದನ್ನು ಪೋಷಕರು ಮುಂದೂಡುವುದುಂಟು. ಮೇಲಿನಿಂದ ಸೋರಿಕೆಯಾದರೆ ಯಾವ ಲೇಸರ್ ಬಳಸಿದ್ದರೂ ಕೀವು ಮರಳುತ್ತದೆ.

ಲೇಸರ್ ಬಳಸಿದ ಮಾತ್ರಕ್ಕೆ ಹಾಲುಹಲ್ಲು ಹೆಚ್ಚು ವರ್ಷ ಬಾಳುತ್ತದೆ ಎನ್ನುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಹೆಚ್ಚುವರಿ ಹಣ ಕೊಡುವ ಮುನ್ನ ಪೋಷಕರು ಎರ್ಬಿಯಮ್ಮೋ ಡಯೋಡೋ, ರಬ್ಬರ್ ಡ್ಯಾಮ್ ಹಾಕುತ್ತೀರಾ ಎಂದು ಕೇಳಲಿ. ಆ ಲೇಸರಿನ ತರಂಗಾಂತರಕ್ಕೆ ತಕ್ಕ ಕನ್ನಡಕ ವೈದ್ಯರಿಗಷ್ಟೇ ಅಲ್ಲ, ಮಗುವಿಗೂ ಜೊತೆಗೆ ಕೂತ ತಾಯಿಗೂ ಬೇಕು.

– ಮಕ್ಕಳ ದಂತವೈದ್ಯೆ, ದಾವಣಗೆರೆ