ಬಕ್ಸ್‌ಟನ್‌ನಿಂದ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ನಮ್ಮ ಹವ್ಯಾಸಿ ತಂಡದ ‘ಅಯೊಲಾಂಥಿ’ ಪ್ರದರ್ಶನ ಆಯಿತು. ಅದೊಂದು ಆಪೆರಾ, ಅಂದರೆ ಹಾಡಿನ ನಾಟಕ. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬಕ್ಸ್‌ಟನ್ ಇಂಗ್ಲೆಂಡಿನ ಡರ್ಬಿಶೈರ್‌ನ ಗುಡ್ಡಗಳ ನಡುವಿನ ಊರು. ‘ಅಯೊಲಾಂಥಿ’ಯಂಥ ಹಗುರ ಆಪೆರಾಗಳಿಗೆ ಮಾತು ಬರೆದವರು ಗಿಲ್ಬರ್ಟ್, ಸಂಗೀತ ಕೊಟ್ಟವರು ಸಲ್ಲಿವನ್. ಈ ಜೋಡಿಯ ಆಪೆರಾಗಳಿಗೆಂದೇ ಇಲ್ಲಿ 1994ರಲ್ಲಿ ಅಂತರರಾಷ್ಟ್ರೀಯ ಉತ್ಸವ ಶುರುವಾಯಿತು. ನೂರು ವರ್ಷಕ್ಕೂ ಜಾಸ್ತಿ ಕಾಲ ಅವನ್ನು ಆಡಿದ ಡಾಯ್ಲಿ ಕಾರ್ಟ್ ಕಂಪನಿ 1982ರಲ್ಲೇ ಬಾಗಿಲು ಮುಚ್ಚಿತ್ತು. ಊರೂರಿನ ಹವ್ಯಾಸಿಗಳು ಮಾತ್ರ ಆಡುವುದನ್ನು ಬಿಡಲಿಲ್ಲ.

ಇಲ್ಲಿನ ಆಪೆರಾ ಹೌಸ್ ನೋಡಿದರೆ ನೀನು ಮೂಕಳಾಗುತ್ತೀಯ. ಫ್ರ್ಯಾಂಕ್ ಮ್ಯಾಚಮ್ ವಿನ್ಯಾಸ ಮಾಡಿದ್ದು, 1903ರದು, ಸುಮಾರು 900 ಸೀಟು. 1932ರಿಂದ 1976ರವರೆಗೆ ಇದು ಹೆಚ್ಚಾಗಿ ಸಿನಿಮಾ ಮಂದಿರವಾಗಿತ್ತಂತೆ. ಆಗಲೂ ಆಗೊಮ್ಮೆ ಈಗೊಮ್ಮೆ ರಂಗದ ಮೇಲೆ ಹಾಡಿದವರಲ್ಲಿ ಹವ್ಯಾಸಿಗಳಿದ್ದರು. ಅದು ಗೊತ್ತಾದ ಮೇಲೆ ಆ ಹಲಗೆಯ ಮೇಲೆ ಕಾಲಿಡುವಾಗ ನನಗೆ ಭಕ್ತಿಯೇ ಬಂತು.

ನಮ್ಮ ತಂಡ ನಿನಗೆ ಗೊತ್ತಲ್ಲ. ದಂತವೈದ್ಯರು, ಶಾಲೆಯ ಟೀಚರ್, ಬ್ಯಾಂಕಿನವರು. ಎಲ್ಲರೂ ಸ್ವಂತ ದುಡ್ಡಿನಲ್ಲೇ ಟಿಕೆಟ್ ತೆಗೆದುಕೊಂಡು ಅಮೆರಿಕದಿಂದ ಬಂದಿದ್ದೇವೆ. ನಾಟಕದ ಕಿನ್ನರಿಯರ ರೆಕ್ಕೆಗಳು ಮುರಿಯಬಾರದೆಂದು ವಿಮಾನದಲ್ಲಿ ತೊಡೆಯ ಮೇಲೇ ಇಟ್ಟುಕೊಂಡಿದ್ದೆವು. ಬೆಳಿಗ್ಗೆ ರಂಗ ಕೈಗೆ ಸಿಕ್ಕಿತು. ಅವತ್ತೇ ಸೆಟ್, ಲೈಟು, ಆರ್ಕೆಸ್ಟ್ರಾ ಜೊತೆ ಅಭ್ಯಾಸ. ಸಂಜೆಗೆ ನಾಟಕ!

ನನ್ನದು ಹಿಂದಿನ ಸಾಲು, ಕಿನ್ನರಿಯರ ಕೋರಸ್‌ನ ಕೆಳಗಿನ ಧ್ವನಿ. ನಮ್ಮ ಸಂಗೀತದಲ್ಲಿ ಎಲ್ಲರೂ ಒಂದೇ ಧಾಟಿ ಹಾಡುತ್ತೇವೆ ಅಲ್ವಾ? ಇಲ್ಲಿ ಪಕ್ಕದವಳ ಧಾಟಿ ಬೇರೆ, ನನ್ನದು ಬೇರೆ. ಅವಳ ಕಡೆ ಕಿವಿ ಕೊಡಬೇಕು, ಆದರೆ ಅವಳ ದಾರಿ ಹಿಡಿಯಬಾರದು. ಗಿಲ್ಬರ್ಟ್ ಬರೆದ ಮಾತುಗಳು ಓಡುತ್ತವೆ. ನಾನೊಬ್ಬಳು ಒಂದು ಅಕ್ಷರ ನುಂಗಿದರೂ ಬಾಲ್ಕನಿಗೆ ತಲುಪುವುದು ಮಸುಕಾಗುತ್ತದೆ. ಮೇಲೆ ಕೂತವರಿಗೋ ಪ್ರತಿ ಸಾಲೂ ಬಾಯಿಪಾಠ.

ಅಯೊಲಾಂಥಿ ಒಬ್ಬ ಕಿನ್ನರಿ. ಮನುಷ್ಯನನ್ನು ಮದುವೆಯಾಗಿದ್ದಕ್ಕೆ ಅವಳಿಗೆ ಗಡೀಪಾರು. ಅವಳು ಸತ್ತಿದ್ದಾಳೆಂದೇ ಗಂಡ ನಂಬಿದ್ದಾನೆ. ತಾನು ಯಾರೆಂದು ಹೇಳಿದರೆ ಅವಳಿಗೆ ಮರಣದಂಡನೆ. ಆದರೂ ಕೊನೆಗೆ, ಮಗನ ಸಲುವಾಗಿ, ಗಂಡನ ಮುಂದೆ ಮೊಣಕಾಲೂರಿ ಬೇಡುತ್ತಾಳೆ. ಅಷ್ಟು ಹೊತ್ತು ನಕ್ಕ ಸಭೆ ಅಲ್ಲಿ ಉಸಿರು ಹಿಡಿಯಿತು. ರಂಗದ ಪಕ್ಕದಿಂದ ನಮ್ಮ ಗೋಳಿನ ಕೂಗು. ಸಲ್ಲಿವನ್ ಇದಕ್ಕೆ ಸಂಗೀತ ಬರೆದದ್ದು 1882ರಲ್ಲಿ. ಅದೇ ವರ್ಷ ಮೇ ತಿಂಗಳಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಆ ಹಾಡು ಕೇಳುವಾಗ ನನಗೆ ಅದು ನೆನಪಾಗದೆ ಇರುವುದಿಲ್ಲ.

ವೃತ್ತಿ ಆಗದ ಮೇಲೆ ಹಾಡಿ ಏನು ಪ್ರಯೋಜನ ಅಂತ ನೀನು ಸಂಗೀತ ನಿಲ್ಲಿಸಿದೆ. ನಾನು ಆಗ ಸುಮ್ಮನಿದ್ದೆ, ಯಾಕೆಂದರೆ ಉತ್ತರ ಗೊತ್ತಿರಲಿಲ್ಲ. ಈಗ ಹೇಳುತ್ತೇನೆ. ನಿನ್ನೆ ರಾತ್ರಿ ನಮ್ಮಲ್ಲಿ ಒಬ್ಬರಿಗೂ ಸಂಬಳ ಇರಲಿಲ್ಲ, ಆದರೆ ಒಬ್ಬರೂ ಅರೆಮನಸ್ಸಿನಿಂದ ಹಾಡಲಿಲ್ಲ. ಪರದೆ ಬಿದ್ದಾಗ ನಮ್ಮ ದಂತವೈದ್ಯರು ನನ್ನ ಕೈ ಹಿಡಿದು ಅತ್ತರು.

ನಿನ್ನ ಕಾಲೇಜಿನ ಗಾಯನ ತಂಡಕ್ಕೆ ಸೆಪ್ಟೆಂಬರ್‌ನಲ್ಲಿ ಆಯ್ಕೆ ಇದೆ ಅಂದಿದ್ದೆಯಲ್ಲ, ಹೋಗಿ ಬಾ. ಯಾವ ಸಾಲಿನಲ್ಲಿ ನಿಲ್ಲಿಸಿದರೂ ಸರಿ. ನಾನು ಬಂದು ಬಾಲ್ಕನಿಯಲ್ಲಿ ಕೂತು ಕೇಳುತ್ತೇನೆ.

ನಿನ್ನ,
ಅಮ್ಮ